ಕಣ್ಣಿಗೂ ಬರುವ ಕ್ಷಯ: ಸಿಗದ ರೋಗಾಣುವಿಗೆ ಮದ್ದು ಹುಡುಕಿದ ಚರಿತ್ರೆ

ನಮ್ಮ ತಾಂಬಾ ಭಾಗದಲ್ಲಿ ಕಣ್ಣು ಕೆಂಪಾದರೆ ಧೂಳು ಬಿತ್ತು, ಕಣ್ಣುಬೇನೆ ಬಂತು ಅಂತೀವಿ. ಟಿಬಿ ಅಂದರೆ ಕೆಮ್ಮು, ಕಫ ಅಷ್ಟೇ ನೆನಪಾಗುತ್ತದೆ. ಆದರೆ ಟಿಬಿ ಕಣ್ಣಿನೊಳಗೂ ಉರಿಯೂತ ತರಬಲ್ಲದು. ಕೆಲವೊಮ್ಮೆ ಕಣ್ಣು ಕೆಂಪಾಗದೆ ನೋಟ ಮಾತ್ರ ಮಂಜಾಗುತ್ತದೆ.

1880ರಲ್ಲಿ ಇಂಗ್ಲೆಂಡಿನ ವೈದ್ಯ ಹೆನ್ರಿ ಈಲ್ಸ್, ಯುವಕರ ಕಣ್ಣೊಳಗೆ ಪದೇ ಪದೇ ರಕ್ತ ಸೋರುವುದನ್ನು ದಾಖಲಿಸಿದರು. ಅವರು ಅದಕ್ಕೆ ಮಲಬದ್ಧತೆಯ ನಂಟು ಕಂಡಿದ್ದರು. ಟಿಬಿಯ ಅನುಮಾನ ಬಂದದ್ದು ಆಮೇಲೆ. ಈ 'ಈಲ್ಸ್ ಕಾಯಿಲೆ' ಭಾರತದಲ್ಲೇ ಹೆಚ್ಚು ಕಂಡಿದೆ.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಟಿಬಿ ರೋಗಾಣುವನ್ನು ತೋರಿಸಿದರು. 1890ರಲ್ಲಿ ಟ್ಯೂಬರ್‌ಕ್ಯುಲಿನ್ ಎಂಬ ಮದ್ದನ್ನೂ ಸಾರಿದರು. ಅದರಿಂದ ರೋಗ ವಾಸಿಯಾಗಲಿಲ್ಲ. ಇಂದು ತೋಳಿಗೆ ಚುಚ್ಚಿ ನೋಡುವ ಪರೀಕ್ಷೆ ಅದರಿಂದಲೇ ಬೆಳೆದದ್ದು.

ಕಣ್ಣಿನ ತೊಡಕೇ ಬೇರೆ. ಕಫದಲ್ಲಿ ಸಿಗುವಂತೆ ಕಣ್ಣೊಳಗೆ ರೋಗಾಣು ಸುಲಭಕ್ಕೆ ಸಿಗುವುದಿಲ್ಲ. ವೈದ್ಯರು ಕಣ್ಣಿನ ಲಕ್ಷಣ, ಚರ್ಮದ ಅಥವಾ ರಕ್ತದ ಪರೀಕ್ಷೆ, ಎದೆಯ ಚಿತ್ರ ನೋಡಿ, ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಂಡು 'ಟಿಬಿ ಇರಬಹುದು' ಎಂದು ಮದ್ದು ಶುರು ಮಾಡುತ್ತಾರೆ. ನಮ್ಮಲ್ಲಿ ಅನೇಕರ ಮೈಯಲ್ಲಿ ರೋಗಾಣು ಸುಮ್ಮನೆ ಮಲಗಿರುವುದರಿಂದ ಚರ್ಮದ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಟಿಬಿಗೆ ನಿಜವಾದ ಮದ್ದು ಸಿಕ್ಕಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಬ್ಯಾನರ್ಜಿ, ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಟಿಬಿ ಇದ್ದವರನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರು ರೋಗವನ್ನು ಕಡೆಗಣಿಸಿರಲಿಲ್ಲ. ಸುಮಾರು ಅರ್ಧದಷ್ಟು ಮಂದಿ ದವಾಖಾನೆ ಹುಡುಕಿ ಹೋಗಿದ್ದರು. ಹಲವರಿಗೆ ಅಲ್ಲಿ ಸಿಕ್ಕಿದ್ದು ಬರೀ ಕೆಮ್ಮಿನ ಔಷಧ.

ಕಣ್ಣಿನ ವಿಷಯದಲ್ಲಿ ಆ ಕಥೆ ಮರುಕಳಿಸಬಾರದು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಡ್ರಾಪ್ಸ್ ಕೆಂಪನ್ನು ಇಳಿಸಬಹುದು, ರೋಗ ಒಳಗೇ ಉಳಿಯಬಹುದು. 2016ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕಣ್ಣಿನ ಟಿಬಿಗೆ 6ರಿಂದ 9 ತಿಂಗಳು ಮಾತ್ರೆ ಬೇಕು. ಉರಿಯೂತ ತಗ್ಗಿಸಲು ವೈದ್ಯರೇ ಜೊತೆಗೆ ಸ್ಟೀರಾಯ್ಡ್ ಕೊಡುವುದುಂಟು. ಎಥಾಂಬುಟಾಲ್ ಮಾತ್ರೆ ಕೆಲವರ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು. ಕೆಂಪು-ಹಸಿರು ಬಣ್ಣದ ವ್ಯತ್ಯಾಸ ಮಸುಕಾದರೆ ತಕ್ಷಣ ವೈದ್ಯರಿಗೆ ಹೇಳಬೇಕು.

ಟಿಬಿ ಮಾತ್ರೆ ಸರ್ಕಾರಿ ದವಾಖಾನೆಯಲ್ಲಿ ಉಚಿತ. ನೋವು, ಕೆಂಪು, ಮಂಜು ಮತ್ತೆ ಮತ್ತೆ ಬಂದರೆ ಕಣ್ಣಿನ ವೈದ್ಯರಿಗೆ ತೋರಿಸೋಣ. ಮಾತ್ರೆ ಶುರುವಾದರೆ, ಕಣ್ಣು ತಿಳಿಯಾಯಿತೆಂದು ನಡುವೆ ಬಿಡದಿರೋಣ.