ಸಕುರಾ ಗೀತೆಗಳು
ಜಪಾನಿನಲ್ಲಿ ಚೆರ್ರಿ ಹೂ, ಅಂದರೆ ಸಕುರಾ, ಅರಳುವ ವಸಂತಕಾಲದ ಜನಪ್ರಿಯ ಹಾಡುಗಳು. ಅಲ್ಲಿ ಶಾಲಾವರ್ಷ ಮಾರ್ಚ್‌ನಲ್ಲಿ ಮುಗಿದು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಇವುಗಳಲ್ಲಿ ಹೂವಿಗಿಂತ ಅಗಲಿಕೆಯ ಮಾತೇ ಹೆಚ್ಚು. ಇವುಗಳ ಪೈಕಿ ಗಾಯಕ ಫುಕುಯಾಮಾ ಮಸಾಹರು ಅವರ ‘ಸಕುರಾಝಾಕಾ’ (2000) 20 ಲಕ್ಷ ಪ್ರತಿಗಳಿಗೂ ಮೀರಿ ಮಾರಾಟವಾಯಿತು. ಟೋಕಿಯೊದ ಓತಾ ವಾರ್ಡಿನಲ್ಲಿರುವ ಅದೇ ಹೆಸರಿನ ಇಳಿಜಾರು ರಸ್ತೆಗೆ ಅಭಿಮಾನಿಗಳು ಮುಗಿಬಿದ್ದರು. ಮೊರಿಯಾಮಾ ನಾವೊತಾರೊ ಅವರ ‘ಸಕುರಾ’ (2003) ಇವೆಲ್ಲಕ್ಕಿಂತ ಒಂದು ಕೈ ಮೇಲು ಎನ್ನಬೇಕು: ಹಿನ್ನೆಲೆಗೆ ಪಿಯಾನೊ ಒಂದೇ, ಮೇಲಿನ ಸ್ವರಗಳಿಗೆ ಏರುವಾಗ ಕಂಠ ತೆಳ್ಳಗಾಗಿ ಹೆಣ್ಣುದನಿಯ ಹತ್ತಿರ ಸುಳಿಯುತ್ತದೆ. ಶಾಲೆಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ಮಕ್ಕಳು ಇದನ್ನು ಮೇಳಗಾನವಾಗಿ ಹಾಡುವುದುಂಟು. ಕೊಬುಕುರೊ ಜೋಡಿಯ ‘ಸಕುರಾ’ ಮಾತ್ರ ಹೂವಿನ ಸುಳಿವೇ ಇಲ್ಲದ 2005ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು.