ಮಾಲೀಕನ ಹಸ್ತಕ್ಷೇಪ: ಬೆಂಗಳೂರು ಎಫ್‌ಸಿ ನಿದರ್ಶನದಲ್ಲಿ ಒಂದು ಮರುಪರಿಶೀಲನೆ

ಫುಟ್‌ಬಾಲ್ ತಂಡವೊಂದು ಪಟ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ಆಟಗಾರರ ಸಂಬಳವೇ ತೀರ್ಮಾನಿಸುತ್ತದೆ, ಹೆಚ್ಚಿನ ತರಬೇತುದಾರರ ಪಾತ್ರ ಅಲ್ಪ ಎಂದು ಸೈಮನ್ ಕೂಪರ್ ಮತ್ತು ಸ್ಟೀಫನ್ ಶಿಮಾನ್ಸ್ಕಿ 2009ರಲ್ಲಿ ವಾದಿಸಿದರು. ಇದನ್ನು ಒಪ್ಪಿದರೆ, ಮಾಲೀಕ ಹಣ ಕೊಟ್ಟು ದೂರ ನಿಂತರೂ ತರಬೇತುದಾರರನ್ನು ಮೇಲಿಂದ ಮೇಲೆ ಬದಲಿಸಿದರೂ ಹೆಚ್ಚು ವ್ಯತ್ಯಾಸವಾಗದು. ಯುರೋಪಿಗೆ ಸಲ್ಲುವ ಈ ವಾದ ಇಂಡಿಯನ್ ಸೂಪರ್ ಲೀಗಿಗೆ (ಐಎಸ್‌ಎಲ್) ಹಾಗೆಯೇ ಸಲ್ಲದು. ಇಲ್ಲಿ ಸಂಬಳಕ್ಕೆ ಮಿತಿಯಿತ್ತು. ಸೋತ ತಂಡ ಕೆಳಗಿನ ಲೀಗಿಗೆ ಇಳಿಯುವ ಭಯವಿರಲಿಲ್ಲ. ಹಾಗಾಗಿ ತಾಳ್ಮೆಯೋ ಆತುರವೋ, ಅದು ಮಾಲೀಕನದೇ ಆಯ್ಕೆ.

ಕರ್ನಾಟಕದ ಹಿನ್ನೆಲೆ ಪರಿಚಿತವೇ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಬಳಿಕ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆ ತಂಡಗಳು, 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿ. ಈ ಕೊನೆಯ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು.

ವಿವಾದವಿರುವುದು ಮುಂದಿನ ಕಾಲದ ಬಗ್ಗೆ. 2018-19ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್ ಅವರನ್ನು ಸತತ ಮೂರು ಸೋಲುಗಳ ನಂತರ, ಜನವರಿ 2021ರಲ್ಲಿ, ಕ್ಲಬ್ ಕೈಬಿಟ್ಟಿತು. ತಂಡ ಏಳನೆಯ ಸ್ಥಾನದಲ್ಲಿ ಋತು ಮುಗಿಸಿತು. ಡಿಸೆಂಬರ್ 2023ರಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಹೋದರು, ಆ ಋತುವಿನ ಸ್ಥಾನ ಹತ್ತನೆಯದು. ಇವೆರಡರ ನಡುವಿನ 2022-23 ನನಗೆ ಹೆಚ್ಚು ಮುಖ್ಯ. ಅರ್ಧ ಋತುವಿನಲ್ಲಿ ತಂಡ ಪಟ್ಟಿಯ ಕೆಳಭಾಗದಲ್ಲಿತ್ತು. ಆದರೂ ಗ್ರೇಸನ್ ಉಳಿದರು. ತಂಡ ಸತತ ಎಂಟು ಪಂದ್ಯ ಗೆದ್ದು ನಾಲ್ಕನೆಯದಾಗಿ, ಫೈನಲ್ ತಲುಪಿ, ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿಗಳಲ್ಲಿ ಸೋತಿತು.

ಇದರಿಂದ ಇಷ್ಟು ಹೇಳಬಹುದೆಂದು ನನ್ನ ಅಭಿಪ್ರಾಯ: ಋತುವಿನ ನಡುವೆ ಮಾಲೀಕ ಕೈಹಾಕಿದ್ದು, ಕನಿಷ್ಠ ಈ ಕ್ಲಬ್ಬಿನಲ್ಲಿ, ಆ ಋತುವನ್ನು ಉಳಿಸಿಲ್ಲ. ಆದರೆ ಮೂರು ಋತುಗಳು ಸಣ್ಣ ಆಧಾರ. ತರಬೇತುದಾರರನ್ನು ತೆಗೆಯುವುದು ತಂಡ ಅದಾಗಲೇ ಕುಸಿದಾಗ. ಕುಸಿತಕ್ಕೆ ತೆಗೆದದ್ದೇ ಕಾರಣವೆಂದರೆ ಅವಸರವಾದೀತು. ಎಂಟು ಗೆಲುವುಗಳಲ್ಲಿ ಅದೃಷ್ಟದ ಪಾಲೂ ಇದ್ದೀತು. ರೋಮನ್ ಅಬ್ರಮೊವಿಚ್ ಮಾಲೀಕತ್ವದ ಚೆಲ್ಸಿ ತರಬೇತುದಾರರನ್ನು ಬದಲಿಸುತ್ತಲೇ ಎರಡು ಬಾರಿ ಚಾಂಪಿಯನ್ಸ್ ಲೀಗ್ ಗೆದ್ದದ್ದನ್ನೂ ಮರೆಯುವಂತಿಲ್ಲ.

ಹಾಗಾದರೆ ಮಾಲೀಕ ದೂರವೇ ಇರಬೇಕೆ? ಹಾಗೆನ್ನಲಾರೆ. 2022-23ರ ಆ ಗೆಲುವುಗಳಲ್ಲಿ ಗೋಲು ಹೊಡೆದ ಶಿವಶಕ್ತಿ ನಾರಾಯಣನ್ ಕ್ಲಬ್ಬಿನ ಬಿ ತಂಡದಿಂದ ಬಂದವರು. ಬಳ್ಳಾರಿಯ ವಿಜಯನಗರದಲ್ಲಿ ಯುವಕರಿಗೆ ವಸತಿ ಅಕಾಡೆಮಿ ನಡೆದದ್ದೂ ಮಾಲೀಕರ ಹಣದಿಂದಲೇ. ಇದೂ ಹಸ್ತಕ್ಷೇಪವೇ, ಆದರೆ ಅದರ ಫಲಕ್ಕೆ ವರ್ಷಗಳು ಬೇಕು. ಕೂಪರ್-ಶಿಮಾನ್ಸ್ಕಿ ಅವರ ಸಂಬಳದ ಲೆಕ್ಕದಲ್ಲಿ ಇದಕ್ಕೆ ಸ್ಥಳ ಕಡಿಮೆ.

ಒಂದು ಪ್ರಶ್ನೆ ಉಳಿದಿದೆ. ಆಗಸ್ಟ್ 2025ರಲ್ಲಿ ಲೀಗಿನ ಭವಿಷ್ಯ ಅನಿಶ್ಚಿತವಾದಾಗ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಯುವ ತಂಡಗಳಿಗೆ ಇದು ಅನ್ವಯಿಸದೆಂದಿತು. ಲೀಗೇ ನಿಂತಾಗ ಮಾಲೀಕನ ಹೊಣೆ ಎಲ್ಲಿಯವರೆಗೆ ಎಂಬುದನ್ನು ಎಚ್‌ಎಎಲ್, ಐಟಿಐ ತಂಡಗಳ ಕಡತಗಳ ಜೊತೆಗಿಟ್ಟು ನೋಡುವ ಅಧ್ಯಯನ ಆಗಬೇಕಿದೆ.