ಕಡಲಿಲ್ಲದ ಸೀಮೆಯಲ್ಲಿ ಫ್ರೆಂಚ್ ಹಾಡು: ಪದಕಲಿಕೆಯಲ್ಲಿ ರಾಗ ಮತ್ತು ರೂಪಕ

ಹಾಡಿನ ಮೂಲಕ ಪರಭಾಷೆಯ ಪದ ಬೇಗ ಹತ್ತುತ್ತದೆ ಎನ್ನುವವರು ರಾಗದ ಕೆಲಸವನ್ನೂ ರೂಪಕದ ಕೆಲಸವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಅವೆರಡೂ ಬೇರೆ ಎಂಬುದಕ್ಕೆ ತೆಂಗಿನ ಸೀಮೆಯ ತುರುವೇಕೆರೆ ತಾಲ್ಲೂಕಿನಲ್ಲೇ ಹಳೆಯ ಸಾಕ್ಷಿಯಿದೆ. ಇಲ್ಲಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ಥಾಮಸ್ ನ್ಯಾಶ್‌ನ ವಸಂತಗೀತವನ್ನು ‘ಇಂಗ್ಲಿಷ್ ಗೀತಗಳು’ ಸಂಕಲನಕ್ಕೆ ತಂದಾಗ ಹಕ್ಕಿಗಳ ಕೂಗನ್ನು ಹೆಚ್ಚುಕಡಿಮೆ ಇಂಗ್ಲಿಷಿನಲ್ಲಿದ್ದಂತೆಯೇ ಉಳಿಸಿಕೊಂಡರು. ಪದ್ಯ ಬಾಯಿಪಾಠ ಮಾಡಿದವರ ನಾಲಗೆಯ ಮೇಲೆ ಕೂಗು ನಿಂತಿತು. ಕೂಗಿದ ಹಕ್ಕಿ ಯಾವುದೆಂದು ಹೇಳಲು ಅದೊಂದೇ ಸಾಲದು.

2014ರಲ್ಲಿ ಲಡ್ಕೆ, ಫೆರೇರಾ, ಓವರಿ ಪ್ರಕಟಿಸಿದ ಪ್ರಯೋಗದಲ್ಲಿ 60 ವಯಸ್ಕರು ಹಂಗೇರಿಯನ್ ನುಡಿಗಟ್ಟುಗಳನ್ನು ಕಲಿತರು. ಹಾಡಿ ಕಲಿತವರು ಮುಂದಿದ್ದರು. ಅದು ರಾಗದ ಪುರಾವೆ. ರೂಪಕಕ್ಕೆ ಅಲನ್ ಪೈವಿಯೊ 1971ರಲ್ಲಿ ವಿಸ್ತರಿಸಿದ ವಾದ ಹೆಚ್ಚು ಹೊಂದುತ್ತದೆ: ಮಾತಿನ ಜೊತೆ ಚಿತ್ರವೂ ದಾಖಲಾದ ಪದಕ್ಕೆ ನೆನಪಿನಲ್ಲಿ ಎರಡು ದಾರಿ.

ಆದರೆ ಯಾರ ಚಿತ್ರ? ಶಾರ್ಲ್ ತ್ರೆನೆ 1946ರಲ್ಲಿ ಧ್ವನಿಮುದ್ರಿಸಿದ ‘ಲಾ ಮೆರ್’ ಕಡಲಿನ ಹಾಡು. ತೆಂಗಿನ ಸೀಮೆಯ ವಿದ್ಯಾರ್ಥಿಗೆ ಕಡಲು ದೂರ. ಆದರೂ ಹಾಡು ದಕ್ಕುತ್ತದೆ, ಏಕೆಂದರೆ ಅಲ್ಲಿ ಕಡಲು ಕುರಿ ಕಾಯುವವಳು. ಚಿಕ್ಕನಾಯಕನಹಳ್ಳಿಯ ಕಂಬಳಿ ಕಂಡವರಿಗೆ ಕುರಿಯನ್ನು ಪರಿಚಯಿಸಬೇಕಿಲ್ಲ. ಕುರಿಗೆ ಫ್ರೆಂಚರು ಹೇಳುವ ‘ಮುತೋಂ’ ಎಂಬುದೇ ಅಲೆಯ ಬಿಳಿನೊರೆಗೂ ಸಲ್ಲುವುದರಿಂದ ಒಂದೇ ಚಿತ್ರದಲ್ಲಿ ಎರಡು ಅರ್ಥ ಕೂರುತ್ತವೆ. ಇನ್ನೂ ದೊಡ್ಡ ಲಾಭ ಲಿಂಗದ್ದು. ಕಡಲನ್ನು ನಪುಂಸಕವೆಂದೇ ಬಗೆವ ಕನ್ನಡಿಗನಿಗೆ ಅದು ಸ್ತ್ರೀಲಿಂಗವೆಂಬುದು ಪದಪಟ್ಟಿಯಲ್ಲಿ ಬರೀ ಹಟ. ಕುರಿ ಕಾಯುವವಳೆಂದ ಮೇಲೆ ‘ಲಾ’ ತಾನಾಗಿ ಅಂಟುತ್ತದೆ.

ಪ್ರೆವೇರ್ ಬರೆದ ‘ಲೇ ಫಯ್ ಮೋರ್ತ್’ ಜಗತ್ಪ್ರಸಿದ್ಧ ಹಾಡಾದರೂ ಇಲ್ಲಿ ಅಷ್ಟು ಒದಗದು. ಅದರ ತರಗೆಲೆಗಳು ಶರತ್ಕಾಲದವು, ರಾಶಿರಾಶಿ. ತೆಂಗು ವರ್ಷವಿಡೀ, ಸುಮಾರು ತಿಂಗಳಿಗೊಂದರಂತೆ ಗರಿ ಕಳಚುವ ಮರ. ಆ ಗರಿಯನ್ನು ಹೆಣೆಯುತ್ತಾರೆ, ಒಲೆಗಿಡುತ್ತಾರೆ, ನೋಡಿ ವಿರಹಪಡುವುದಿಲ್ಲ. ಪದದ ಅರ್ಥ ಸಿಕ್ಕರೂ ಅದರ ಭಾವ ಸಿಗದು. ಇಂಥ ಹಾಡನ್ನು ಎರಡನೆಯ ವರ್ಷಕ್ಕೆ ಇಡುವುದು ಮೇಲು.

ರಾಗದ ಕಡೆಯಿಂದ ಒಂದು ತೊಡಕೂ ಇದೆ. ಮಾತಿನಲ್ಲಿ ಸಾಮಾನ್ಯವಾಗಿ ಕೇಳಿಸದ ಪದಾಂತ್ಯದ ‘ಎ’ಕಾರವನ್ನು ಫ್ರೆಂಚರು ಹಾಡುವಾಗ ಹಲವೆಡೆ ಉಚ್ಚರಿಸುತ್ತಾರೆ. ಬಸ್ಸು, ಕಾರು ಎಂದು ಸ್ವರ ಹಚ್ಚಿ ಮುಗಿಸುವ ನಮ್ಮ ಬಾಯಿಗೆ ಅದು ಹಿತ. ಹಾಗಾಗಿ ಹಾಡಿದ ಸಾಲನ್ನು ಅದೇ ಪಾಠದಲ್ಲಿ ಒಮ್ಮೆ ಮಾತಾಗಿಯೂ ಹೇಳಿಸಬೇಕು.